ತಲೆಯ ಲೆಕ್ಕ, ದರ್ಶನದ ಲೆಕ್ಕ

2025ರ ಹಾಸನಾಂಬೆಯ ಜಾತ್ರೆ ಮುಗಿದಾಗ ಪ್ರಕಟವಾದ ಭಕ್ತರ ಸಂಖ್ಯೆ 26 ಲಕ್ಷಕ್ಕೂ ಮೇಲೆ. 2011ರ ಜನಗಣತಿಯಲ್ಲಿ ಇಡೀ ಹಾಸನ ಜಿಲ್ಲೆಯ ಜನ 17,76,421. ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಮುದುಕರವರೆಗೆ ಅಷ್ಟೂ ಮಂದಿ ಬಂದುಹೋಗಿದ್ದರೂ ಇನ್ನೂ ಎಂಟು ಲಕ್ಷ ಹೊರಗಿನವರು ಬೇಕು. ಭಕ್ತಿ ಹೆಚ್ಚಿತೆಂದು ಕೆಲವರು ಹಿಗ್ಗಿದರು. ಇದು ದಾಖಲೆಯೆಂದು ಕೆಲವರು ಬೀಗಿದರು. ಈ ಎರಡು ಮಾತನ್ನೂ ನಾನು ಒಪ್ಪಲಾರೆ.

ಸಂಖ್ಯೆ ಸುಳ್ಳೆಂಬುದು ನನ್ನ ವಾದವಲ್ಲ. ಅದನ್ನು ಓದುವ ರೀತಿಯ ಮೇಲೆ ನನ್ನ ತಕರಾರು. ಬಾಗಿಲು ತೆರೆಯುವ ದಿನ, ಮುಚ್ಚುವ ದಿನ ಸಾರ್ವಜನಿಕರಿಗೆ ದರ್ಶನವಿಲ್ಲ. ಉಳಿದದ್ದು 13 ದಿನ. ಭಾಗಿಸಿ ನೋಡಿ. ದಿನಕ್ಕೆ ಎರಡು ಲಕ್ಷ. ಹಗಲು ರಾತ್ರಿ ಬಾಗಿಲು ಮುಚ್ಚಲೇ ಇಲ್ಲವೆಂದುಕೊಂಡರೂ ಗಂಟೆಗೆ ಎಂಟು ಸಾವಿರದ ಮುನ್ನೂರು. ಸೆಕೆಂಡಿಗೆ ಇಬ್ಬರಿಗಿಂತ ಹೆಚ್ಚು. ಪೂಜೆ ನೈವೇದ್ಯಗಳ ಹೊತ್ತನ್ನು ಕಳೆದರೆ ಪಾಲಿಗೆ ಬರುವುದು ಇನ್ನೂ ಕಡಮೆ. ಸಾಲುಗಳು ಹಲವಿದ್ದರೇನು, ಕೊನೆಗೆ ಎಲ್ಲವೂ ಸೇರುವುದು ಒಂದೇ ಗರ್ಭಗುಡಿಯ ಮುಂದೆ. ವರ್ಷವೆಲ್ಲ ನಂದದೆ ಉರಿಯಿತೆಂದು ನಂಬಿದ ದೀಪವನ್ನು ನೋಡಬಂದವನಿಗೆ "ಅಮ್ಮಾ" ಎನ್ನುವಷ್ಟು ವ್ಯವಧಾನವೂ ಇಲ್ಲ! ಇದನ್ನು ದಾಖಲೆಯೆನ್ನಬೇಕೋ, ನೂಕುನುಗ್ಗಲೆನ್ನಬೇಕೋ?

ಭಕ್ತಿ ಹೆಚ್ಚಿತೆನ್ನುವವರು ಬಸ್ಸನ್ನು ಮರೆತಿದ್ದಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಅರಕಲಗೂಡಿನ ಮುದುಕಿಯೊಬ್ಬಳು ಹಿಂದೆಯೂ ದೇವಿಗೆ ಕೈ ಮುಗಿಯುತ್ತಿದ್ದಳು, ಮನೆಯಲ್ಲೇ. ಈಗ ಹಾಸನಕ್ಕೆ ಬಂದು ಮುಗಿಯುತ್ತಾಳೆ. ಬಂದದ್ದು ಬಹಳ ಒಳ್ಳೆಯದು. ಆದರೆ ಹೆಚ್ಚಿದ್ದು ಆಕೆಯ ಭಕ್ತಿಯಲ್ಲ, ಓಡಾಟದ ಸ್ವಾತಂತ್ರ್ಯ. ಅದೇ ಬಸ್ಸಿನ ಲೆಕ್ಕದಿಂದ ಇನ್ನೊಂದು ಪಾಠ ಕಲಿಯಬಹುದು. 2025ರ ಜುಲೈ 14ರಂದು ಉಚಿತ ಪ್ರಯಾಣ 500 ಕೋಟಿ ಮುಟ್ಟಿತೆಂದು ಸಮಾರಂಭವಾಯಿತು. ಕರ್ನಾಟಕದಲ್ಲಿ 500 ಕೋಟಿ ಹೆಂಗಸರಿದ್ದಾರೆಂದು ಯಾರೂ ತಿಳಿಯಲಿಲ್ಲ. ಅದು ಪ್ರಯಾಣದ ಎಣಿಕೆ, ಜನರದಲ್ಲ ಎಂಬುದು ಮಕ್ಕಳಿಗೂ ಗೊತ್ತು. ಗುಡಿಯ ಬಾಗಿಲಲ್ಲಿ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಹಾಸನದ ಗೃಹಸ್ಥನೊಬ್ಬ ಮೂರು ದಿನ ಮೂರು ಸಲ ಬಂದರೆ, ಅವನು ಒಬ್ಬನೋ ಮೂವರೋ?

300 ಮತ್ತು 1,000 ರೂಪಾಯಿಯ ಚೀಟಿಗಳಿಗೆ ಲೆಕ್ಕದ ಪುಸ್ತಕವುಂಟು. ಧರ್ಮದರ್ಶನಕ್ಕೆ ಚೀಟಿಯಿಲ್ಲ. ಆ ಸಾಲಿನ ತಲೆಗಳನ್ನು ಹೇಗೆ ಎಣಿಸಿದರೆಂಬುದನ್ನು ಸಂಖ್ಯೆಯ ಜೊತೆಯಲ್ಲೇ ಹೇಳುವುದು ಮರ್ಯಾದೆ.

ನೀರು, ನೆರಳು, ಶೌಚಾಲಯಗಳ ಏರ್ಪಾಡಿಗೆ ಎಣಿಕೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು ಸ್ವಾಮಿ, ಖಂಡಿತ ಬೇಕು. ಆದರೆ ಹದಿಮೂರು ದಿನದ ಒಟ್ಟು ಮೊತ್ತದಿಂದ ಒಂದು ಕೊಳಾಯಿಯನ್ನೂ ಹಾಕಲಾಗದು. ಯಾವ ದಿನ, ಯಾವ ಗಂಟೆಗೆ, ಸಾಲು ಎಲ್ಲಿಯವರೆಗೆ ಬೆಳೆಯಿತು ಎಂಬುದು ಬೇಕು. 2023ರ ನವೆಂಬರ್ 10ರಂದು ಸಾಲಿನಲ್ಲಿ ವಿದ್ಯುತ್ ತಗುಲಿ, ಗಾಬರಿಯಿಂದ ಜನ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡರು. ಅಂದು ಅಪಾಯವಿದ್ದದ್ದು ಆ ಗಳಿಗೆಯ ಇಕ್ಕಟ್ಟಿನಲ್ಲಿ, ವರ್ಷದ ಮೊತ್ತದಲ್ಲಲ್ಲ. ಅಂದು ಹೆದರಿ ಮನೆಗೆ ಓಡಿದವರನ್ನು ಯಾವ ಖಾತೆಗೆ ಬರೆಯಬೇಕು?

ಹೋದ ಸಲಕ್ಕಿಂತ ಹೆಚ್ಚು ತೋರಿಸಬೇಕೆಂಬ ಹಟ ಇಲ್ಲಿಗೆ ಸಾಕು. ಮುಂದಿನ ಆಶ್ವಯುಜ ಹುಣ್ಣಿಮೆ ಕಳೆದು ಬರುವ ಗುರುವಾರ ಬಾಗಿಲು ತೆರೆದಾಗ, ಒಳಗೆ ಹೋದವರ ಪಕ್ಕದಲ್ಲೇ ಅವರು ಕಾದ ಗಂಟೆಗಳನ್ನೂ ಪ್ರಕಟಿಸಲಿ. ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಬಂದು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತು ನಿಂತು ಕಾಲು ಸೋತು, ಕತ್ತಲಾಗುವ ಮೊದಲೇ ಊರು ಸೇರಬೇಕೆಂದು ಸಾಲು ಬಿಟ್ಟು ಹಿಂತಿರುಗಿದ ಚನ್ನರಾಯಪಟ್ಟಣದ ಕಡೆಯ ಸೊಸೆಯೊಬ್ಬಳಿದ್ದರೆ, ಆಕೆಯ ಹೆಸರಿಗೂ ಒಂದು ಗೀಟು ಎಳೆಯಲಿ.