ಔಷಧದಾನದಲ್ಲಿ ‘ಸ್ಯಾತ್’ ಪದವೆಲ್ಲಿ?

ಬರಬೇಕಾದ ಹಣವನ್ನು ಬಂದ ಹಣವೆಂದು ಜಮಾ ಬರೆಯುವ ವ್ಯಾಪಾರಿಯನ್ನು ನಾವು ಪ್ರಾಮಾಣಿಕನೆನ್ನುವುದಿಲ್ಲ. ಮುಂದೆ ಆ ಹಣ ಪೂರ್ತಿಯಾಗಿ ಕೈಸೇರಿದರೂ ಅಂದಿನ ಬರಹ ಸುಳ್ಳೇ. 2021ರ ಜನವರಿ 3ರಂದು ಕೊವ್ಯಾಕ್ಸಿನ್ ಲಸಿಕೆಗೆ ಅನುಮತಿಯಿತ್ತಾಗ ಭಾರತ ಸರ್ಕಾರದ ಖಾತೆಯಲ್ಲಿ ಬಿದ್ದದ್ದು ಇಂತಹುದೇ ಬರಹ.

ಸುಮಾರು 25,800 ಜನರನ್ನೊಳಗೊಂಡ ಮೂರನೆಯ ಹಂತದ ಪ್ರಯೋಗ ಆಗಿನ್ನೂ ಮುಗಿದಿರಲಿಲ್ಲ. ಲಸಿಕೆಯು ರೋಗವನ್ನು ಎಷ್ಟರಮಟ್ಟಿಗೆ ತಡೆಯುವುದೆಂಬುದಕ್ಕೆ ಒಂದು ಅಂಕಿಯೂ ಇರಲಿಲ್ಲ. ಅನುಮತಿಯಲ್ಲೇನೋ ‘ನಿರ್ಬಂಧಿತ ಬಳಕೆ’, ‘ಪ್ರಯೋಗದ ರೀತಿಯಲ್ಲಿ’ ಎಂಬ ವಿಶೇಷಣಗಳಿದ್ದವು. ಆದರೆ ಅದೇ ದಿನ ಔಷಧ ಮಹಾನಿಯಂತ್ರಕರು ಜನತೆಗೆ ಹೇಳಿದ್ದು, ಲಸಿಕೆಗಳು ನೂರಕ್ಕೆ ನೂರಹತ್ತರಷ್ಟು ಸುರಕ್ಷಿತವೆಂದು! ನೂರರಲ್ಲಿ ನೂರಹತ್ತನ್ನು ತೋರಿಸುವ ಲೆಕ್ಕವನ್ನು ನನಗೆ ಬಿ.ಕಾಂ. ತರಗತಿಯಲ್ಲಿ ಯಾರೂ ಕಲಿಸಲಿಲ್ಲ. ಜನವರಿ 16ರಂದು ಅಭಿಯಾನ ಆರಂಭವಾದಾಗ ಆರೋಗ್ಯ ಕಾರ್ಯಕರ್ತರಿಗೆ ಎರಡು ಲಸಿಕೆಗಳ ನಡುವೆ ಆಯ್ಕೆಯಿರಲಿಲ್ಲ. ಕೊವ್ಯಾಕ್ಸಿನ್ ಪಡೆಯುವವರು ಮಾತ್ರ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕಿತ್ತು. ಬೇಡವೆನ್ನಬಹುದಿತ್ತು, ಬೇರೊಂದನ್ನು ಕೇಳುವಂತಿರಲಿಲ್ಲ. ಇಂತಹ ಸಹಿಗೆ ಒಪ್ಪಿಗೆಯೆಂಬ ಹೆಸರು ಸಲ್ಲುವುದೇ?

‘ಲಸಿಕೆ ಫಲಿಸಿತಲ್ಲ, ಇನ್ನೇಕೆ ತಕರಾರು?’ ಎನ್ನುವವರಿದ್ದಾರೆ. ಹೌದು, 2021ರ ಜುಲೈನಲ್ಲಿ ಶೇಕಡ 77.8ರ ಫಲ ಪ್ರಕಟವಾಯಿತು. ಅದು ಸಂತೋಷದ ಸಂಗತಿ. ಆದರೆ ಜುಲೈನ ಜ್ಞಾನ ಜನವರಿಯ ಮಾತನ್ನು ಸತ್ಯಗೊಳಿಸಲಾರದು.

ಮಹಾಮಾರಿಯ ನಡುವೆ ಕೈಕಟ್ಟಿ ಕುಳಿತಿರಬೇಕಿತ್ತೆಂದು ನನ್ನ ವಾದವಲ್ಲ. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಸಂಶಯವೆಂದು ನಮ್ಮವರೇ ಅನೇಕರು ತಿಳಿದಿದ್ದಾರೆ. ಅದು ತಪ್ಪು. ಯಾವ ಅಪೇಕ್ಷೆಯಿಂದ ಈ ಮಾತು ಸತ್ಯವೆಂಬುದನ್ನು ಖಚಿತವಾಗಿ ತೋರಿಸುವ ಪದವದು. ಮೊದಲ ಹಂತಗಳಲ್ಲಿ ಕಂಡ ಸುರಕ್ಷತೆ ಇಷ್ಟು, ರೋಗತಡೆಯ ಬಲ ಇನ್ನೂ ತಿಳಿದಿಲ್ಲ, ವಿಪತ್ತು ದೊಡ್ಡದಾದ್ದರಿಂದ ಕೊಡುತ್ತಿದ್ದೇವೆ ಎಂದು ಸರ್ಕಾರ ಹೇಳಿದ್ದರೆ ನಿರ್ಣಯವೂ ನಿಲ್ಲುತ್ತಿತ್ತು, ಸತ್ಯವೂ ಉಳಿಯುತ್ತಿತ್ತು. ಲಸಿಕೆಯಿಂದ ಷಂಡತ್ವ ಬರುವುದೆಂದು ಪುಕಾರು ಹಬ್ಬಿಸಿದವರದೂ ಇದೇ ಏಕಾಂತದ ದೋಷ. ಅಧಿಕಾರಿಯ ಅತಿಮಾತು ಅವರಿಗೆ ಉತ್ತರವಾಗಲಿಲ್ಲ.

ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಎಣಿಸುವವರು ನಾವು. ನಮ್ಮ ಬಸದಿಗಳ ಟ್ರಸ್ಟುಗಳು ಉಚಿತ ಶಿಬಿರಗಳಲ್ಲಿ ಹೊಸ ಚಿಕಿತ್ಸೆಗಳನ್ನು ಒದಗಿಸುವಾಗ ದಾನಿಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುತ್ತವೆ. ಆ ಚಿಕಿತ್ಸೆಯ ಬಗ್ಗೆ ತಿಳಿದಿರುವುದೆಷ್ಟು, ತಿಳಿಯದಿರುವುದೆಷ್ಟು ಎಂಬುದನ್ನೂ ಅದೇ ಫಲಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ಮುಂದಿನ ಶಿಬಿರದಿಂದಲೇ ಬರೆಸಲಿ.