ಮುಪ್ಪಿನಲ್ಲಿ ಪರದೇಶವಾಸ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ತೋಟದ ಮನೆಗಳಲ್ಲಿ ವೃದ್ಧದಂಪತಿಗಳಿಬ್ಬರೇ ಉಳಿದಿರುವ ಸಂಸಾರಗಳು ಈಗ ಹಲವು. ಅಡಕೆಗೆ ಹಳದಿ ಎಲೆಯ ರೋಗ ತಗುಲಿ ಹುಟ್ಟುವಳಿ ಕುಗ್ಗಿತು. ವಿದ್ಯೆ ಕಲಿತ ಮಕ್ಕಳು ಬೆಂಗಳೂರನ್ನೂ, ಅಲ್ಲಿಂದ ಅಮೆರಿಕವನ್ನೂ ಸೇರಿದರು. ಮಗಳಿಗೋ ಸೊಸೆಗೋ ದಿನ ತುಂಬುತ್ತ ಬಂದಿತೆಂಬ ಸುದ್ದಿ ಬಂದೊಡನೆ ಹಿರಿಯರು ಬೀಗದ ಕೈಯನ್ನು ನೆರೆಮನೆಗೆ ಕೊಟ್ಟು, ತೋಟವನ್ನು ಆಳಿಗೆ ಒಪ್ಪಿಸಿ, ಹಪ್ಪಳ, ಉಪ್ಪಿನಕಾಯಿ, ಬಾಣಂತಿಯ ಲೇಹ್ಯಗಳ ಗಂಟು ಕಟ್ಟಿಕೊಂಡು ವಿಮಾನವನ್ನೇರುತ್ತಾರೆ. ಸಂದರ್ಶಕರಿಗೆ ಆ ದೇಶದವರು ಒಮ್ಮೆಗೆ ಕೊಡುವ ಅವಧಿ ಸಾಮಾನ್ಯವಾಗಿ 6 ತಿಂಗಳು. ಅದು ತೀರಿದ ಬಳಿಕ ಹಿಂದಿರುಗಿ ಬಂದು, ಮತ್ತೆ ಅದೇ ಜಗಲಿ, ಅದೇ ಮಳೆ, ಅದೇ ಮೌನ.

ಇದೇ ಕಾಲದಲ್ಲಿ ಅಮೆರಿಕದಿಂದ ನಮ್ಮ ಕಡೆಗೆ ಹೊರಟುಬರುವ ವೃದ್ಧದಂಪತಿಗಳೂ ಉಂಟೆಂಬುದನ್ನು ವಾಚಕರಲ್ಲಿ ಅನೇಕರು ಅರಿಯರು. ಅವರು ಮೊಮ್ಮಕ್ಕಳ ಬಳಿಗೆ ಹೋಗುವವರಲ್ಲ. ಮೊಮ್ಮಕ್ಕಳನ್ನು ಬಿಟ್ಟು ಬರುವವರು. ಲೋಕವು ಮಾರ್ಮನ್ನರೆಂದು ಕರೆಯುವ ಕ್ರೈಸ್ತಪಂಥಕ್ಕೆ ಸೇರಿದವರು. 1830ರಲ್ಲಿ ಜೋಸೆಫ್ ಸ್ಮಿತ್ ಎಂಬಾತನು ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದ ಈ ಸಭೆಯ ಕೇಂದ್ರವು ಈಗ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರದಲ್ಲಿದೆ. 1978ರಲ್ಲಿ, ಸಮೋವಾ ದ್ವೀಪದಲ್ಲಿ ನೆಲಸಿದ್ದ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು ದಂಪತಿಗಳು ಈ ಸಭೆಯ ಅಪ್ಪಣೆಯಂತೆ ಅಲ್ಪಕಾಲದ ಸೇವೆಗಾಗಿ ಹೈದರಾಬಾದಿನ ತಮ್ಮ ಬಂಧುಗಳ ಬಳಿಗೆ ಬಂದರು. ಬೆಂಗಳೂರಿನ ಮಿಶನ್ ಸ್ಥಾಪಿತವಾದುದು 1993ರಲ್ಲಿ; ಅದರ ಮೊದಲ ಅಧ್ಯಕ್ಷರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತದ ಅಧ್ಯಾಪಕರಾಗಿದ್ದ ಗುರುಚರಣ ಸಿಂಗ್ ಗಿಲ್ ಅವರು.

ಮಿಶನ್ ಎಂದೊಡನೆ ಮಲೆನಾಡಿನವರ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರು ಪಾದ್ರಿ ಜೀವರತ್ನಯ್ಯನನ್ನು ಮರೆತಿರಲಾರರು. ಮತಪ್ರಚಾರದ ಯುಕ್ತಾಯುಕ್ತತೆಯ ವಿಷಯದಲ್ಲಿ ವಾಚಕರಿಗೆ ತಮ್ಮ ತಮ್ಮ ಅಭಿಪ್ರಾಯಗಳಿರುವುದು ಸಹಜ. ಆ ಚರ್ಚೆಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಈ ಪಂಥದಲ್ಲಿ ಪ್ರಚಾರಕಾರ್ಯವು ಬಹುಮಟ್ಟಿಗೆ ತರುಣರ ಪಾಲಿನದು. 18 ವರ್ಷ ತುಂಬಿದ ಹುಡುಗನೂ ಆ ಕೆಲಸಕ್ಕೆ ನಿಂತರೆ ‘ಎಲ್ಡರ್’, ಎಂದರೆ ಹಿರಿಯ, ಎನಿಸಿಕೊಳ್ಳುವನು! ನಿಜವಾಗಿ ಹಿರಿಯರಾದವರಿಗೆ ಬೇರೆ ಬಗೆಯ ಕೆಲಸಗಳಿವೆ. ನಮ್ಮ ಗೃಹಸ್ಥರು ಗಮನಿಸತಕ್ಕುದು ಆ ಹಿರಿಯರ ಸಂಸಾರದ ರೀತಿಯನ್ನೇ.

ಮೊದಲನೆಯದಾಗಿ, ಅವರಿಗೆ ಸಂಬಳವಿಲ್ಲ. ಊಟ, ವಸತಿಗಳ ವೆಚ್ಚವನ್ನು ಬಹುಮಟ್ಟಿಗೆ ತಾವೇ ಭರಿಸತಕ್ಕದ್ದು. ಮನೆಯಲ್ಲಿ ಸಾಕತಕ್ಕ ಎಳೆಯ ಮಕ್ಕಳಿರಕೂಡದು. ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಅವಧಿಯು 6 ತಿಂಗಳಿಂದ 23 ತಿಂಗಳವರೆಗೆ, ಅವರವರ ಶಕ್ತಿಯಿದ್ದಂತೆ. ತರುಣ ಸೇವಕರಿಗೆ ಒಬ್ಬೊಬ್ಬ ಜೊತೆಗಾರನನ್ನು ಸಭೆಯೇ ಗೊತ್ತುಮಾಡುವುದುಂಟು. ವೃದ್ಧರ ವಿಷಯದಲ್ಲಿ ಆ ತೊಡಕಿಲ್ಲ. ಗಂಡನಿಗೆ ಹೆಂಡತಿಯೇ ಜೊತೆ, ಹೆಂಡತಿಗೆ ಗಂಡನೇ ಜೊತೆ. ಸೇವೆಯ ಕರೆಯೂ ಇಬ್ಬರಿಗೂ ಸೇರಿಯೇ ಬರುತ್ತದೆ.

ಇನ್ನು ದಿನಚರಿ. ಬೆಳಗ್ಗೆ ದಂಪತಿಗಳಿಬ್ಬರೂ ಕುಳಿತು ಪ್ರಾರ್ಥನೆ, ಗ್ರಂಥಪಠನಗಳನ್ನು ಮುಗಿಸಿಕೊಂಡು ತಮಗೆ ಒಪ್ಪಿಸಿದ ಕೆಲಸಕ್ಕೆ ಹೊರಡುವರು. ಕಚೇರಿಯ ಲೆಕ್ಕಪತ್ರ, ತರುಣರಿಗೆ ಬಾಡಿಗೆಯ ಮನೆ ಗೊತ್ತುಮಾಡುವುದು, ಆ ಮನೆಗಳು ಚೊಕ್ಕಟವಾಗಿವೆಯೇ ಎಂದು ನೋಡಿಬರುವುದು, ಕಾಯಿಲೆ ಬಿದ್ದ ಹುಡುಗರ ಯೋಗಕ್ಷೇಮ, ಬಡವರ ನೆರವಿನ ಕಾರ್ಯಗಳು, ಸಣ್ಣ ಸಭೆಗಳನ್ನು ನಡೆಸುವವರಿಗೆ ಬುದ್ಧಿಮಾತು, ಜನರ ವಂಶಾವಳಿಗಳನ್ನು ಹುಡುಕಿ ಬರೆದಿಡುವುದು, ಇವೆಲ್ಲ ಅವರ ಪಾಲಿನವು. ಸಂಜೆಗೆ ತಾವೇ ಸಂತೆಯಿಂದ ತಂದ ತರಕಾರಿಯ ಅಡಿಗೆ. ರಾತ್ರಿ ದೂರದೂರಿನ ಮಕ್ಕಳೊಡನೆ ಟೆಲಿಫೋನಿನಲ್ಲಿ ಮಾತು. ತಿಂಗಳ ಮೊದಲನೆಯ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಉಳಿದ ಹಣವನ್ನು ಬಡವರಿಗೆಂದು ಕೊಡುವ ಪದ್ಧತಿಯುಂಟು. ಏಕಾದಶಿಯಂದು ಫಲಾಹಾರದ ಹೆಸರಿನಲ್ಲಿ ಮಾಮೂಲಿಗಿಂತ ಹೆಚ್ಚು ವೆಚ್ಚ ಮಾಡುವ ಮನೆಗಳವರು ಇದನ್ನು ಕೊಂಚ ಯೋಚಿಸಬಹುದು. ಮದ್ಯ, ಹೊಗೆಸೊಪ್ಪುಗಳಂತೆ ಕಾಫಿ, ಚಹಗಳೂ ಅವರಿಗೆ ನಿಷಿದ್ಧ. ಕಾಫಿ ಬೆಳೆಯುವ ನಮ್ಮ ಜಿಲ್ಲೆಗೆ ಅಂಥ ಅತಿಥಿಗಳು ಬಂದರೆ ಗೃಹಿಣಿಯು ಗಾಬರಿಗೊಳ್ಳಬೇಕಾದುದಿಲ್ಲ. ಕೊತ್ತುಂಬರಿ ಜೀರಿಗೆಗಳ ಕಷಾಯಕ್ಕೆ ಹಾಲು ಬೆಲ್ಲ ಬೆರಸಿ ಕೊಟ್ಟರಾಯಿತು.

ಈ ಬಾಳು ಸುಖಮಯವೇ ಎಂದು ಕೇಳಿದರೆ ಹೌದೆನ್ನುವುದು ಕಷ್ಟ. ಭಾಷೆ ತಿಳಿಯದು, ಬಿಸಿಲು ಹೊಸದು, ಮೊಣಕಾಲಿನ ನೋವು ಬಿಡದು. ಅವಧಿಯ ನಡುವೆ ಮೊಮ್ಮಗು ಹುಟ್ಟಿದರೆ ಎತ್ತಿಕೊಳ್ಳುವ ಭಾಗ್ಯ ಸುಲಭವಲ್ಲ; ಒಡಹುಟ್ಟಿದವರು ತೀರಿಕೊಂಡರೆ ಮುಖ ಕಾಣುವುದು ದುರ್ಲಭ. ಇದೆಲ್ಲವನ್ನೂ ಅರಿತೇ ಅವರು ಮನೆ ಬಿಡುತ್ತಾರೆ.

ನಮ್ಮಲ್ಲಿಯೂ ಇಂಥ ಆದರ್ಶವಿಲ್ಲದಿಲ್ಲ. ತಲೆ ನರೆತು, ಮೈ ಸುಕ್ಕುಗಟ್ಟಿ, ಮಗನ ಮಗನ ಮುಖ ಕಂಡ ಗೃಹಸ್ಥನು ಮನೆ ಬಿಟ್ಟು ವಾನಪ್ರಸ್ಥನಾಗಲೆಂದು ಮನುಸ್ಮೃತಿಯು ವಿಧಿಸುತ್ತದೆ. ಆದರೆ ಅಲ್ಲಿ ಪತ್ನಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿ ಹೋಗಬಹುದು, ಇಲ್ಲವೆ ಜೊತೆಗೆ ಕರೆದೊಯ್ಯಬಹುದು. ಆಯ್ಕೆ ಗಂಡನದು, ಆಕೆಯ ಇಷ್ಟವೇನೆಂದು ಕೇಳಿದವರಿಲ್ಲ. ಈಗಿನ ಕಾಲದಲ್ಲಿ ನಾವು ಆ ವಿಧಿಯನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಮೊಮ್ಮಗುವಿನ ಮುಖ ಕಾಣಲೆಂದೇ ಮನೆ ಬಿಡುತ್ತೇವೆ. ಅಜ್ಜಿಯ ಇಷ್ಟವನ್ನು ಮಾತ್ರ ಇಂದಿಗೂ ಕೇಳುವುದಿಲ್ಲ. ಅಜ್ಜನಿಗೆ ಅಲ್ಲಿ ಕೆಲಸವಿಲ್ಲದ ಬೇಸರ. ಕಿಟಕಿಯ ಬಳಿ ಕುಳಿತು ಮಗ ಬರುವ ಹೊತ್ತನ್ನು ಕಾಯುವುದೇ ಕೆಲಸ. ಅಜ್ಜಿಗಾದರೋ ಬೇಸರಪಡಲು ಬಿಡುವೇ ಇಲ್ಲ. ಇಲ್ಲಿಯ ಒಲೆ ಬಿಟ್ಟು ಅಲ್ಲಿಯ ಒಲೆ. ಎಣ್ಣೆನೀರು, ತೊಟ್ಟಿಲು, ಪಾತ್ರೆ. ಸರ್ಕಾರಿ ನೌಕರನಿಗೆ 60ಕ್ಕೆ ನಿವೃತ್ತಿಯುಂಟು, ಅವನ ಹೆಂಡತಿಗೆ ಎಷ್ಟನೆಯ ವಯಸ್ಸಿಗೆಂದು ಯಾವ ಮನೆಯಲ್ಲಿ ನಿಶ್ಚಯವಾಗಿದೆ?

ಬಾಣಂತನ ಮಾಡುವುದು ಕೀಳೆಂದು ನಾವು ಹೇಳುತ್ತಿಲ್ಲ, ಅದು ಪುಣ್ಯಕಾರ್ಯವೇ. ಅದೊಂದೇ ಮುಪ್ಪಿನ ಕಾರ್ಯವೆಂದುಕೊಂಡು, ಉಳಿದ ವರ್ಷಗಳನ್ನು ಮಕ್ಕಳ ಫೋನಿಗಾಗಿ ಕಾಯುತ್ತ ಕಳೆಯುವುದು ಯುಕ್ತವೇ ಎಂಬುದಷ್ಟೇ ಪ್ರಶ್ನೆ. ಪರಮತದವರಿಂದ ನಾವು ಅವರ ಮತವನ್ನು ತೆಗೆದುಕೊಳ್ಳಬೇಕಾಗಿಲ್ಲ, ವ್ಯವಸ್ಥೆಯನ್ನು ತೆಗೆದುಕೊಳ್ಳಬಹುದು. ಗಂಡಹೆಂಡಿರಿಬ್ಬರೂ ಒಪ್ಪಿ ಆರಿಸಿದ ಒಂದು ಕಾರ್ಯ, ಅದಕ್ಕೊಂದು ಗೊತ್ತಾದ ಅವಧಿ, ಅದು ಮುಗಿದ ಮೇಲೆ ಹಿಂದಿರುಗಲು ಸ್ವಂತ ಮನೆ, ಇವು ಅದರ ಮೂರು ಅಂಗಗಳು.

ಇದಕ್ಕೆ ಪರದೇಶವೇ ಆಗಬೇಕೆಂದಿಲ್ಲ. ನರಸಿಂಹರಾಜಪುರದ ದಂಪತಿಗಳು ಹತ್ತಿರದ ಸರ್ಕಾರಿ ಶಾಲೆಯಲ್ಲಿ, ಮೇಷ್ಟರ ಒಪ್ಪಿಗೆ ಪಡೆದು, ಒಂದು ವರ್ಷ ಮಕ್ಕಳಿಗೆ ಓದು ಲೆಕ್ಕ ಹೇಳಿಕೊಡಬಹುದು. ಕೊಪ್ಪದವರು, ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಚಿಕಿತ್ಸೆಗೆ ಹೋಗಬೇಕಾದ ಒಂಟಿ ಮುದುಕಿಗೆ ಜೊತೆಯಾಗಿ ಹೋಗಿಬರಬಹುದು. ಶೃಂಗೇರಿ ಮಠದ ಕಡತಗಳು ನಾಡಿನ ಇತಿಹಾಸಕ್ಕೇ ಆಧಾರವಾಗಿವೆಯಷ್ಟೆ. ಅಲ್ಲಿಯ ಗೃಹಸ್ಥರು ನೆರೆಹೊರೆಯ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ಕಾಗದಗಳನ್ನು ಕೂಡಿಹಾಕಿ, ಅಜ್ಜಿಯರ ಬಾಯಿಂದ ವಂಶಾವಳಿಗಳನ್ನು ಕೇಳಿ ಬರೆದಿಡಬಹುದು. ವಂಶಾವಳಿಯೆಂದರೆ ಗಂಡಸರ ಹೆಸರುಗಳ ಸಾಲಲ್ಲ, ತಾಯಂದಿರ ಹೆಸರನ್ನೂ ತವರೂರನ್ನೂ ಬರೆಯಬೇಕೆಂಬುದನ್ನು ಮರೆಯಬಾರದು.

ಈ ತಿಂಗಳಲ್ಲಿ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ನಮ್ಮ ಹಿರಿಯ ವಾಚಕರು ಈ ಮಾತನ್ನು ಮನೆಯಲ್ಲಿ ಎತ್ತಲಿ. ಯಜಮಾನರು ತಮ್ಮ ಇಷ್ಟವನ್ನು ಹೇಳುವುದಕ್ಕೆ ಮುಂಚೆ, ಮನೆಯಾಕೆಯನ್ನು ಹತ್ತಿರ ಕುಳ್ಳಿರಿಸಿಕೊಂಡು, ಇನ್ನು ಮುಂದಿನ ವರ್ಷಗಳಲ್ಲಿ ನಿನಗೆ ಏನು ಮಾಡಬೇಕೆಂಬ ಆಸೆಯಿದೆಯೆಂದು ಕೇಳಲಿ. ಉತ್ತರವು ಒಡನೆಯೇ ಬಾರದಿದ್ದರೆ ಆತುರಪಡಬಾರದು. ನಲವತ್ತು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೊಳೆಯಲು ನಾಲ್ಕು ದಿನವಾದರೂ ಬೇಕು.