ಬಂದವರ ಲೆಕ್ಕ, ಬಾರದವರ ಲೆಕ್ಕ

ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಮನೆಬಾಗಿಲಿಗೆ ಬಂದು ‘ಬಿ.ಪಿ. ನೋಡತೀನ್ರಿ’ ಎಂದರೆ, ‘ನಮಗೇನೂ ಬ್ಯಾನಿ ಇಲ್ಲವಾ’ ಎಂದು ಕಳಿಸಿಬಿಡಬೇಡಿ.

ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರವೂ ಇದೆ. ಇದು ಪರೀಕ್ಷೆ ಮುಗಿದೊಡನೆ ಮರೆಯುವ ಪಾಠವಾಗಬಾರದು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದಲೇ ಹೆಚ್ಚಾಗಿ ಸತ್ತರೆಂದು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಅಂಕಿಗಳಿಂದಲೇ ತೋರಿಸಿಕೊಟ್ಟರು.

ಆದರೆ ಎಣಿಕೆ ಸರಿಯಿರಬೇಕು. ಟಿಕೋಟಾ, ಬಬಲೇಶ್ವರದ ಕಡೆ ಹಗಲಲ್ಲಿ ಮನೆಮನೆ ತಿರುಗಿದರೆ ಸಿಗುವವರು ಹೆಚ್ಚಾಗಿ ವಯಸ್ಸಾದವರು. ದುಡಿಯುವವರು ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿರುತ್ತಾರೆ. ಸಿಕ್ಕವರನ್ನಷ್ಟೇ ಎಣಿಸಿದರೆ ಊರಿನ ರಕ್ತದೊತ್ತಡ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತೋಟದಲ್ಲಿರುವ ನಲವತ್ತರ ಗಂಡಸಿಗೆ ಮೇಲಿನ ಅಂಕಿ 160 ಇದ್ದರೂ ಅದು ಯಾರ ಕಣ್ಣಿಗೂ ಬೀಳದು. ವಿಜಯಪುರದ ನನ್ನ ದವಾಖಾನೆಯ ಲೆಕ್ಕವೂ ಅಷ್ಟೇ: ಬಂದವರದು ಗೊತ್ತು, ಬಾರದವರದು ಗೊತ್ತಿಲ್ಲ. ಆದ್ದರಿಂದ ಚೀಟಿ ಎತ್ತಿ ಮನೆ ಆರಿಸುವುದನ್ನು, ಸಿಗದವರಿಗಾಗಿ ಸಂಜೆ ಮತ್ತೆ ಹೋಗುವುದನ್ನು ವಿದ್ಯಾರ್ಥಿಗಳಿಗೆ ಊರಿನಲ್ಲಿಯೇ ಕಲಿಸಬೇಕು.

ನೀವೂ ನೆರವಾಗಿರಿ. ಐದು ನಿಮಿಷ ಸುಮ್ಮನೆ ಕುಳಿತು ಆಮೇಲೆ ಕೈ ಕೊಡಿ. ತಂಬಾಕು ತಿನ್ನುವವರು ನಾಚದೆ ಹೌದೆನ್ನಿ. ಮನೆಗೊಬ್ಬರು ಮುಚ್ಚಿಟ್ಟರೂ ಸಾಕು, ಊರಿನ ಲೆಕ್ಕವೇ ತಪ್ಪುತ್ತದೆ. ತಪ್ಪು ಲೆಕ್ಕಕ್ಕೆ ಸರಿಯಾದ ಔಷಧಿ ಬರುವುದಿಲ್ಲ.